ಅಜ್ಜಿಯ ತವರಿಗೆ ದಾರಿ: ಜನನ, ಮದುವೆ ಪ್ರಮಾಣಪತ್ರ ಹಿಡಿದು ವಂಶಾವಳಿ ಬರೆಯುವುದು ಹೇಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ವಂಶಾವಳಿ ಬರೆಯಲು ಕೂತಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ತಾತನ ಜನನ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಗೆ ಹೋಗಿದ್ದೆ, ಇಲ್ಲ ಅಂದರು. ಇನ್ನೆಲ್ಲಿ ಕೇಳಲಿ?” ನಾನು ತಿರುಗಿ ಕೇಳುವುದೂ ಒಂದೇ. ತಾತ ಅವರ ತಾಯಿಗೆ ಎಷ್ಟನೇ ಮಗು? ಮೊದಲನೆಯವರಾದರೆ ಹುಟ್ಟಿದ್ದು ನಿಮ್ಮೂರಲ್ಲಿ ಅಲ್ಲದಿರಬಹುದು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ. ಜನನ ನೋಂದಣಿ ಆಗುವುದು ಹೆರಿಗೆಯಾದ ಜಾಗದಲ್ಲಿ. ತಂದೆಯ ಊರಿಗೂ ಜಮೀನಿಗೂ ಅದಕ್ಕೂ ಸಂಬಂಧವಿಲ್ಲ.

ಈ ಒಂದು ಸಂಗತಿ ತಿಳಿಯದೆ ಸೋತವರೇ ಹೆಚ್ಚು. ತಿಳಿದುಕೊಂಡರೆ ಅದೇ ದೊಡ್ಡ ಲಾಭ. ನಾವು ಬಾಯಲ್ಲಿ ಹೇಳುವ ವಂಶಾವಳಿಯಲ್ಲಿ ಗಂಡಸರ ಹೆಸರು ಏಳು ತಲೆಯವರೆಗೆ ಇರುತ್ತದೆ, ಅವರ ಹೆಂಡಂದಿರು ಯಾವ ಮನೆಯಿಂದ ಬಂದರು ಎಂಬುದು ಎರಡೇ ತಲೆಗೆ ಮರೆತುಹೋಗುತ್ತದೆ. ಆ ಮನೆಯ ಕಡೆಗೆ ಕೈ ತೋರಿಸುವ ಕಾಗದ ಜನನ ಪ್ರಮಾಣಪತ್ರ.

1. ಮೊದಲು ಮನೆಯ ಟ್ರಂಕು ತೆಗೆಯಿರಿ

ಕಚೇರಿಗೆ ಹೋಗುವ ಮುನ್ನ ಮನೆಯಲ್ಲಿ ಇರುವುದನ್ನೆಲ್ಲ ಒಂದು ಕಡೆ ಹಾಕಿ: ಜಾತಕ, ಲಗ್ನಪತ್ರಿಕೆ, ಶಾಲೆಯ ಟಿ.ಸಿ., ಹಳೇ ಪಡಿತರ ಚೀಟಿ, ಪಿಂಚಣಿ ಪುಸ್ತಕ, ಜಮೀನಿನ ಕ್ರಯಪತ್ರ, ಮದುವೆಯ ಮುಯ್ಯಿ ಪುಸ್ತಕ. ಮುಯ್ಯಿ ಪುಸ್ತಕವನ್ನು ಯಾರೂ ದಾಖಲೆ ಅಂದುಕೊಳ್ಳುವುದಿಲ್ಲ. ಆದರೆ ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಊರಿನ ಹೆಸರಿನ ಸಮೇತ ಬರೆದಿಟ್ಟ ಪುಸ್ತಕ ಅದು. ಹೆಣ್ಣಿನ ಕಡೆಯವರ ಊರುಗಳು ಅದರಲ್ಲಿ ಸಾಲಾಗಿ ಸಿಗುತ್ತವೆ.

ಜಾತಕದಲ್ಲಿ ಇಸವಿಯ ಬದಲು ಸಂವತ್ಸರ ಇದ್ದರೆ ಗಾಬರಿ ಬೇಡ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಪ್ರಭವ ಸಂವತ್ಸರ 1927-28ರಲ್ಲಿ ಬಂತು, ಮತ್ತೆ 1987-88ರಲ್ಲಿ ಬಂತು. ಸ್ವಾತಂತ್ರ್ಯ ಬಂದ ವರ್ಷ ಸರ್ವಜಿತ್. ಎಣಿಸಿಕೊಂಡು ಹೋದರೆ ಇಸವಿ ಸಿಗುತ್ತದೆ. ಒಂದೇ ಎಚ್ಚರ: ಸಂವತ್ಸರ ಬದಲಾಗುವುದು ಯುಗಾದಿಗೆ. ಹಾಗಾಗಿ ಪುಷ್ಯ, ಮಾಘದಲ್ಲಿ ಹುಟ್ಟಿದವರ ಇಸವಿ ಸಾಮಾನ್ಯವಾಗಿ ಮುಂದಿನದಾಗುತ್ತದೆ.

ಮನೆಯ ಹಿರಿಯರನ್ನು ಕೇಳುವಾಗ “ಯಾವಾಗ ಹುಟ್ಟಿದಿರಿ” ಅನ್ನಬೇಡಿ, ಉತ್ತರ ಸಿಗುವುದಿಲ್ಲ. “ಹೆರಿಗೆ ಯಾವ ಮನೆಯಲ್ಲಾಯಿತು, ಸೂಲಗಿತ್ತಿ ಯಾರು, ಆಗ ಕೆರೆ ತುಂಬಿತ್ತಾ, ನಿಮಗಿಂತ ಮುಂಚೆ ಹುಟ್ಟಿ ಹೋದ ಮಕ್ಕಳಿದ್ದರಾ” ಎಂದು ಕೇಳಿ. ಕೊನೆಯ ಪ್ರಶ್ನೆ ಮುಖ್ಯ. “ಹಿರಿಯ ಮಗ” ಎಂದು ಮನೆಯಲ್ಲಿ ಕರೆಯುವವರು ಎಷ್ಟೋ ಸಲ ಎರಡನೆಯವರೋ ಮೂರನೆಯವರೋ ಆಗಿರುತ್ತಾರೆ. ತವರಲ್ಲಿ ಹುಟ್ಟಿದ ಚೊಚ್ಚಲ ಮಗು ಉಳಿದಿರುವುದಿಲ್ಲ.

2. ಯಾವ ಕಾಲಕ್ಕೆ ಏನು ಸಿಗುತ್ತದೆ

ಈಗ ಜಾರಿಯಲ್ಲಿರುವುದು 1969ರ ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ. ಅದು 1970ರಿಂದ ಜಾರಿಗೆ ಬಂತು. ಅಲ್ಲಿಂದ ಈಚೆಗೆ ಹುಡುಕಿದರೆ ಫಲ ಹೆಚ್ಚು. ಅದಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕಾಲದಲ್ಲೂ ಹುಟ್ಟು-ಸಾವು ಬರೆಯುತ್ತಿದ್ದರು. ಹಳ್ಳಿಗಳಲ್ಲಿ ಅದು ಪಟೇಲರು, ಶಾನುಭೋಗರ ಮಟ್ಟದ ಕೆಲಸ. ವಂಶಪಾರಂಪರ್ಯ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು. ಕೈ ಬದಲಾದಾಗ ಎಲ್ಲ ಪುಸ್ತಕವೂ ಕಚೇರಿ ಸೇರಿತೆಂದು ನಂಬಿಕೊಳ್ಳಬೇಡಿ. ಗೆದ್ದಲು, ಸೋರುವ ಮಾಳಿಗೆ ತಿಂದದ್ದು ಬೇರೆ. ಆದ್ದರಿಂದ 1940ರ ಜನನಕ್ಕೆ ಹುಡುಕುವುದು ಬೇಡ ಎನ್ನುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಪಟ್ಟಣದಲ್ಲಿ ಹುಟ್ಟಿದವರ ದಾಖಲೆ ಪುರಸಭೆ, ನಗರಸಭೆಯಲ್ಲಿ. ಹೆರಿಗೆಗೆಂದು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಕರೆದೊಯ್ದಿದ್ದರೆ ದಾಖಲೆ ಬೆಂಗಳೂರಿನ ಪಾಲಿಕೆಯ ಲೆಕ್ಕಕ್ಕೆ ಹೋಗಿರುತ್ತದೆ, ನಿಮ್ಮ ತಾಲ್ಲೂಕಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

3. ಊರಿನ ವಿಳಾಸ ಸರಿಮಾಡಿಕೊಳ್ಳಿ

ಊರಿನ ಹೆಸರೊಂದೇ ಸಾಲದು. ಹೊಸಹಳ್ಳಿ, ಗೊಲ್ಲಹಳ್ಳಿ, ಚಿಕ್ಕನಹಳ್ಳಿ ಒಂದೊಂದು ತಾಲ್ಲೂಕಿನಲ್ಲೂ ಇರಬಹುದು. ಹೋಬಳಿ ಗೊತ್ತಿರಲಿ. ನೀವು ಹುಡುಕುತ್ತಿರುವುದು ಮಜರೆ ಗ್ರಾಮವಾದರೆ (ದೊಡ್ಡ ಕಂದಾಯ ಗ್ರಾಮದ ಲೆಕ್ಕಕ್ಕೆ ಸೇರಿದ ಸಣ್ಣ ಹಳ್ಳಿ) ವಹಿಯಲ್ಲಿ, ಅಂದರೆ ನೋಂದಣಿ ಪುಸ್ತಕದಲ್ಲಿ, ದೊಡ್ಡ ಗ್ರಾಮದ ಹೆಸರಿನಡಿ ನೋಡಬೇಕು. ಈಗ ಜನವಸತಿಯೇ ಇಲ್ಲದ ಬೇಚಿರಾಕ್ ಗ್ರಾಮಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಊರು ಖಾಲಿಯಾಗಿದ್ದರೂ ಅದರ ಹೆಸರು ಕಂದಾಯದ ಪುಸ್ತಕದಲ್ಲಿ ಉಳಿದಿರುತ್ತದೆ.

ಗಡಿರೇಖೆ ಬದಲಾದದ್ದನ್ನೂ ನೆನಪಿಡಿ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. 1985ರಲ್ಲಿ ಶಿಡ್ಲಘಟ್ಟದಲ್ಲಿ ಹುಟ್ಟಿದವರ ಹಳೇ ಪ್ರಮಾಣಪತ್ರದಲ್ಲಿ ಕೋಲಾರ ಜಿಲ್ಲೆ ಎಂದೇ ಇರುತ್ತದೆ. ಅದು ತಪ್ಪಲ್ಲ, ಅದಕ್ಕಾಗಿ ಕೋಲಾರಕ್ಕೆ ಬಸ್ಸು ಹತ್ತಬೇಕಾಗಿಯೂ ಇಲ್ಲ. ಹಳ್ಳಿಯ ವಹಿ ಹುಡುಕಬೇಕಾದದ್ದು ತಾಲ್ಲೂಕಿನಲ್ಲಿ. ತಾಲ್ಲೂಕೇ ಒಡೆದಿದ್ದರೆ ಮಾತ್ರ ಎರಡೂ ಕಡೆ ವಿಚಾರಿಸಿ: ಕೆಜಿಎಫ್ ತಾಲ್ಲೂಕಿನ ಹಳ್ಳಿಗಳಿಗೆ ಬಂಗಾರಪೇಟೆ, ಮಂಚೇನಹಳ್ಳಿ ಕಡೆಗೆ ಗೌರಿಬಿದನೂರು.

4. ಅರ್ಜಿ ಬರೆಯುವುದು

ತೀರ ಈಚಿನ ಜನನವಾದರೆ ಇ-ಜನ್ಮ ತಂತ್ರಾಂಶದಲ್ಲಿ ಇರುತ್ತದೆ, ಸುಲಭ. ಹಳೆಯದಕ್ಕೆ ಕೈಯಿಂದಲೇ ವಹಿ ತಿರುವಬೇಕು. ಗ್ರಾಮ ಲೆಕ್ಕಿಗರನ್ನು (ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ) ಮೊದಲು ಕಂಡು, ಆ ವರ್ಷದ ಪುಸ್ತಕ ಎಲ್ಲಿದೆ ಎಂದು ತಿಳಿದುಕೊಳ್ಳಿ. ಹಳೇ ಪುಸ್ತಕಗಳು ಹೆಚ್ಚಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ.

ಅರ್ಜಿಯಲ್ಲಿ ಇವಿಷ್ಟು ಇರಲಿ: ತಂದೆಯ ಹೆಸರು, ತಾಯಿಯ ಹೆಸರು, ಗ್ರಾಮ, ಹೋಬಳಿ, ಮಗು ಗಂಡೋ ಹೆಣ್ಣೋ, ಮತ್ತು ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಬೇಕು ಎಂಬುದು. ಮಗುವಿನ ಹೆಸರನ್ನು ಹಿಡಿದು ಹುಡುಕಿಸಬೇಡಿ. ನೋಂದಣಿ ಆಗುವ ಹೊತ್ತಿಗೆ ಮಗುವಿಗೆ ನಾಮಕರಣವೇ ಆಗಿರುವುದಿಲ್ಲ. ವಹಿಯಲ್ಲಿ “ಹೆಣ್ಣು ಮಗು” ಎಂದಷ್ಟೇ ಇರುತ್ತದೆ. ಹೆಸರು ಆಮೇಲೆ ಸೇರಿಸಲು ಕಾಯ್ದೆಯಲ್ಲೇ ಅವಕಾಶವಿದೆ, ಆದರೆ ಹಿಂದಿನವರು ಯಾರು ಆ ಕೆಲಸಕ್ಕೆ ಕಚೇರಿಗೆ ಅಲೆದಾರು? “ಹೆಸರಿಲ್ಲ, ದಾಖಲೆ ಇಲ್ಲ” ಎಂದು ಗುಮಾಸ್ತರು ಹೇಳಿದರೆ, ತಂದೆಯ ಹೆಸರಿನ ಕಾಲಂ ನೋಡಿ ಎಂದು ವಿನಯದಿಂದ ಕೇಳಿ.

ಕಾಯ್ದೆಯ 17ನೇ ಪ್ರಕರಣದ ಪ್ರಕಾರ ಯಾವುದೇ ವ್ಯಕ್ತಿ ಶುಲ್ಕ ಕಟ್ಟಿ ವಹಿಯಲ್ಲಿ ಹುಡುಕಿಸಬಹುದು, ದಾಖಲೆ ಪಡೆಯಬಹುದು. ಹುಡುಕಾಟದ ಶುಲ್ಕ ವರ್ಷದ ಲೆಕ್ಕದಲ್ಲಿ ಇರುವುದರಿಂದ ಹತ್ತಿಪ್ಪತ್ತು ವರ್ಷ ಒಟ್ಟಿಗೆ ಬರೆಯದೆ ಐದಾರು ವರ್ಷಕ್ಕೆ ಇಳಿಸಿಕೊಳ್ಳಿ. ಶುಲ್ಕಕ್ಕಿಂತ ದೊಡ್ಡ ಕಾರಣ ಬೇರೆ ಇದೆ: ಅಷ್ಟು ಪುಸ್ತಕವನ್ನು ಯಾರೂ ಮನಸ್ಸಿಟ್ಟು ತಿರುವುವುದಿಲ್ಲ. ಆಧಾರ್ ಪ್ರತಿ, ಸಂಬಂಧ ತೋರಿಸುವ ಯಾವುದಾದರೂ ಕಾಗದ ಜೊತೆಗಿದ್ದರೆ ವಾದ ಬೆಳೆಯುವುದಿಲ್ಲ. “ವಂಶದ ಚರಿತ್ರೆಗೆ” ಎಂದು ಕಾರಣ ಬರೆದರೆ ಕೆಲವರು ವಿಚಿತ್ರವಾಗಿ ನೋಡುತ್ತಾರೆ, ಜಮೀನಿನ ತಕರಾರು ಇರಬೇಕೆಂದು ಅನುಮಾನ ಪಡುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳಿ.

ಬಾಯಿಮಾತಿನ “ಇಲ್ಲ” ಕೇಳಿಕೊಂಡು ಮರಳಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ದಾಖಲೆ ಇಲ್ಲದಿದ್ದರೆ ಅಲಭ್ಯತಾ ಪ್ರಮಾಣಪತ್ರ ಕೇಳಿ. ನಿಯಮಗಳಲ್ಲಿ ಅದಕ್ಕೆ ನಮೂನೆ 10 ಎಂದೇ ಇದೆ. ಕನಿಷ್ಠ ಒಂದು ಹಿಂಬರಹವನ್ನಾದರೂ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಪಡೆಯಿರಿ. ಯಾವ ಗ್ರಾಮದ ಯಾವ ವರ್ಷಗಳನ್ನು ನೋಡಿದರು ಎಂಬುದು ಅದರಲ್ಲಿ ಇರಬೇಕು. ನಾಳೆ ನಿಮ್ಮ ದಾಯಾದಿಯ ಮಗ ಇದೇ ಕೆಲಸಕ್ಕೆ ಇಳಿದಾಗ ಆ ಕಾಗದ ಅವನಿಗೆ ಒಂದು ವಾರ ಉಳಿಸುತ್ತದೆ.

ಒಂದು ಎಚ್ಚರಿಕೆ. “ಎಷ್ಟು ಕೊಡ್ತೀರಿ, ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ” ಎನ್ನುವ ಏಜೆಂಟರು ಕಚೇರಿಯ ಹೊರಗೆ ಸಿಗುತ್ತಾರೆ. ಅವರು ಮಾಡಿಸಿಕೊಡುವುದು ಹೊಸ ಕಾಗದ, ನಿಮಗೆ ಬೇಕಾದದ್ದು ಹಳೆಯದು. ತಡವಾದ ನೋಂದಣಿಗೆ ಕಾನೂನಿನ ದಾರಿ ಇದೆ ನಿಜ. ಆದರೆ ತೀರಿಕೊಂಡ ಅಜ್ಜಿಗೆ ನಿಮ್ಮ ಅಫಿಡವಿಟ್ಟಿನ ಮೇಲೆ ಜನ್ಮದಿನ ಹುಟ್ಟಿಸಿದರೆ ಅದು ನಿಮ್ಮದೇ ಮಾತು ಸರ್ಕಾರದ ಮುದ್ರೆ ಹೊತ್ತು ವಾಪಸ್ಸು ಬಂದಂತೆ. ಚರಿತ್ರೆಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

5. ಸಿಕ್ಕಿದ ಪ್ರಮಾಣಪತ್ರ ಓದುವುದು

ಎಲ್ಲರೂ ಹುಟ್ಟಿದ ದಿನ ನೋಡಿ ಮಡಿಸಿಡುತ್ತಾರೆ. ನೀವು ನೋಂದಣಿಯ ದಿನಾಂಕ ನೋಡಿ. ಎರಡರ ನಡುವೆ ಕೆಲವೇ ದಿನ ಇದ್ದರೆ ಗಟ್ಟಿ ದಾಖಲೆ. ಹೆರಿಗೆಯನ್ನು ಕಣ್ಣಾರೆ ಕಂಡವರು ಹೇಳಿ ಬರೆಸಿದ್ದಾರೆ. ಇಪ್ಪತ್ತು ಮೂವತ್ತು ವರ್ಷದ ಅಂತರವಿದ್ದರೆ ಅದು ಆದೇಶದ ಮೇಲೆ ಆದ ನೋಂದಣಿ. ಒಂದು ವರ್ಷ ಮೀರಿದ ಜನನವನ್ನು ಬರೆಸಲು ಹಿಂದೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಅಧಿಕಾರ ಜಿಲ್ಲಾ ಮತ್ತು ಉಪವಿಭಾಗೀಯ ದಂಡಾಧಿಕಾರಿಗಳ ಕಡೆ ಬಂದಿದೆ. ಅಂಥ ಆದೇಶದ ಹಿಂದೆ ಇರುವುದು ಹೆಚ್ಚಾಗಿ ಶಾಲೆಯ ದಾಖಲೆ.

ಶಾಲೆಯ ದಾಖಲೆ ಎಂದರೆ ಏನು ಎಂಬುದು ನಿಮಗೂ ಗೊತ್ತು. ಮಗುವಿನ ಕೈ ತಲೆಯ ಮೇಲಿಂದ ಬಳಸಿ ಕಿವಿ ಮುಟ್ಟಿದರೆ ಒಂದನೇ ತರಗತಿ. ಹುಟ್ಟಿದ ದಿನ ಮೇಷ್ಟರ ಕೈಬರಹ. ಹಳ್ಳಿಯ ಅರ್ಧ ಜನ ಜೂನ್ ಒಂದಕ್ಕೆ ಹುಟ್ಟಿದಂತೆ ಕಾಣುವುದು ಇದರಿಂದ. ಜೂನ್ 1, ಜುಲೈ 1 ಎಂಬ ತಾರೀಖು ಕಂಡರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ. ಜಾತಕ ಇದ್ದರೆ ಅದನ್ನೇ ಹೆಚ್ಚು ನಂಬಿ.

ತಿದ್ದುಪಡಿ ಆಗಿದೆಯೇ ಎಂದೂ ನೋಡಿ. ವಹಿಯಲ್ಲಿ ತಿದ್ದುವಾಗ ಮೂಲ ನಮೂದನ್ನು ಅಳಿಸುವಂತಿಲ್ಲ, ಅಂಚಿನಲ್ಲಿ ಬರೆದು ಸಹಿ ಮಾಡಬೇಕು. ಕಂಪ್ಯೂಟರಿನಲ್ಲಿ ಮುದ್ರಿಸಿ ಕೊಡುವ ಪ್ರತಿಯಲ್ಲಿ ತಿದ್ದಿದ ಹೆಸರು ಮಾತ್ರ ಇರುತ್ತದೆ. ಆದ್ದರಿಂದ ಸಾಧ್ಯವಾದರೆ ವಹಿಯ ಆ ಪುಟದ ದೃಢೀಕೃತ ನಕಲನ್ನೇ ಕೇಳಿ. ಹಳೇ ನಮೂನೆಗಳಲ್ಲಿ ತಂದೆಯ ಕಸುಬು, ತಾಯಿಯ ವಯಸ್ಸು, ಇದು ಎಷ್ಟನೇ ಮಗು ಎಂಬ ವಿವರ ಇರುವುದುಂಟು. ಈಗಿನ ಪದ್ಧತಿಯಲ್ಲಿ ಇಂಥವು ನಮೂನೆಯ ಅಂಕಿಅಂಶದ ಭಾಗಕ್ಕೆ ಸೇರುತ್ತವೆ, ಪ್ರಮಾಣಪತ್ರದಲ್ಲಿ ಬರುವುದಿಲ್ಲ.

ಹೆಸರಿನ ವಿಷಯದಲ್ಲಿ ಕೈ ಸಡಿಲ ಬಿಡಿ. ವೆಂಕಟರಮಣಪ್ಪ, ವೆಂಕಟರವಣಪ್ಪ, ಯಂಕಟರಮಣ ಮೂವರೂ ಒಬ್ಬರೇ ಆಗಿರಬಹುದು. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಮನೆಯ ಮಾತು ತೆಲುಗು, ಬರೆದವರದ್ದು ಕನ್ನಡ. ಮಧ್ಯೆ ಹೆಸರು ತಿರುಚಿಕೊಳ್ಳುತ್ತದೆ. ತದ್ವಿರುದ್ಧ ಅಪಾಯವೂ ಇದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಮುನಿಯಪ್ಪನ ಮಗ ನಾರಾಯಣಪ್ಪ, ಅವನ ಮಗ ಮತ್ತೆ ಮುನಿಯಪ್ಪ. ಒಂದೇ ಹೆಸರಿನ ಇಬ್ಬರನ್ನು ಬಿಡಿಸುವ ಸುಲಭದ ಉಪಾಯ ತಾಯಿಯ ಹೆಸರು.

6. ಮದುವೆಯ ದಾಖಲೆ

ಇಲ್ಲಿ ನಿರೀಕ್ಷೆ ಕಡಿಮೆ ಇರಲಿ. ಹಿಂದೂ ವಿವಾಹ ಅಧಿನಿಯಮ 1955ರಲ್ಲೇ ಬಂದರೂ ನೋಂದಣಿ ಮಾಡಿಸದಿದ್ದ ಮಾತ್ರಕ್ಕೆ ಮದುವೆ ಅಸಿಂಧು ಆಗುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಯಾರೂ ಮಾಡಿಸಲಿಲ್ಲ. ಎಲ್ಲ ಧರ್ಮದವರ ಮದುವೆಯೂ ನೋಂದಣಿ ಆಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ ಮೇಲೆ ಚುರುಕಾಯಿತು. ಅದಕ್ಕೂ ಮುಂಚಿನದು ಬೇಕಾದರೆ ಪಾಸ್‌ಪೋರ್ಟಿಗೆ, ವಿದೇಶಕ್ಕೆ, ಸರ್ಕಾರಿ ನೌಕರಿಯ ಕೆಲಸಕ್ಕೆ ಕಾಗದ ಬೇಕಾಗಿದ್ದವರು ಮನೆಯಲ್ಲಿ ಯಾರಿದ್ದರು ಎಂದು ನೆನಪಿಸಿಕೊಳ್ಳಿ.

ದಾಖಲೆ ಇರುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಅಂದರೆ ಜನ ಸಬ್‌ರಿಜಿಸ್ಟ್ರಾರ್ ಆಫೀಸು ಎನ್ನುವ ಕಡೆ. ಹಿಂದೂ ವಿವಾಹ ವಹಿ ಸಾರ್ವಜನಿಕರ ಪರಿಶೀಲನೆಗೆ ತೆರೆದಿರಬೇಕು, ಶುಲ್ಕ ಕಟ್ಟಿದವರಿಗೆ ದೃಢೀಕೃತ ನಕಲು ಕೊಡಬೇಕು ಎಂದು ಕಾಯ್ದೆಯ 8ನೇ ಪ್ರಕರಣದಲ್ಲಿದೆ. ಹಿಂದೆ ಧಾರೆ ನಡೆಯುತ್ತಿದ್ದುದು ಹೆಚ್ಚಾಗಿ ಹೆಣ್ಣಿನ ಮನೆಯ ಮುಂದಿನ ಚಪ್ಪರದಲ್ಲಿ. ಆದ್ದರಿಂದ ಹೆಣ್ಣಿನ ಊರಿನ ತಾಲ್ಲೂಕಿನಿಂದ ಹುಡುಕಾಟ ಶುರುಮಾಡಿ, ಆಮೇಲೆ ಗಂಡಿನ ಊರು.

ಸಿಕ್ಕರೆ ಮಾತ್ರ ಒಳ್ಳೇ ಬೇಟೆ. ಇಬ್ಬರ ತಂದೆಯರ ಹೆಸರು, ವಿಳಾಸ, ವಯಸ್ಸು, ಮದುವೆ ನಡೆದ ಜಾಗ, ಸಾಕ್ಷಿಗಳು. ಸಾಕ್ಷಿಗಳ ಹೆಸರನ್ನು ಬಿಡಬೇಡಿ. ಅವರಲ್ಲಿ ಒಬ್ಬರು ಸೋದರಮಾವನೋ ಭಾವನೋ ಆಗಿರುತ್ತಾರೆ. ನೋಂದಣಿ ವೇಳೆ ಕೊಟ್ಟ ಲಗ್ನಪತ್ರಿಕೆ ಕಡತದಲ್ಲಿ ಉಳಿದಿದೆಯೇ ಎಂದೂ ಕೇಳಿ.

ಇಲ್ಲಿ ಎಡವುವುದು ಎರಡು ಕಡೆ. ಮದುವೆಯ ದಿನಾಂಕ ಬೇರೆ, ನೋಂದಣಿಯ ದಿನಾಂಕ ಬೇರೆ. ಮಗ ಅಮೆರಿಕದಿಂದ ವೀಸಾಕ್ಕೆ ಕಾಗದ ಕೇಳಿದಾಗ ನಲವತ್ತು ವರ್ಷದ ಹಿಂದಿನ ಮದುವೆಯನ್ನು ಬರೆಸಿದವರಿದ್ದಾರೆ. ಇನ್ನೊಂದು, ವಧುವಿನ ವಯಸ್ಸು. 1955ರ ಕಾಯ್ದೆಯಲ್ಲಿ ಹೆಣ್ಣಿಗೆ 15, ಗಂಡಿಗೆ 18 ಇದ್ದದ್ದು 1978ರಲ್ಲಿ 18 ಮತ್ತು 21 ಆಯಿತು. ಸರಿಯಾಗಿ ಆ ಅಂಚಿನಲ್ಲೇ ನಿಂತ ವಯಸ್ಸು ಕಂಡರೆ, ಅದು ಕಾನೂನಿಗಾಗಿ ಬರೆಸಿದ ವಯಸ್ಸೂ ಆಗಿರಬಹುದು.

ವಂಶವೃಕ್ಷದಲ್ಲಿ ಹೆಂಡತಿಯ ತಾಯಿಯೂ ಗಂಡನ ಅಕ್ಕನೂ ಒಬ್ಬಳೇ ಎಂದು ಕಂಡರೆ ತಪ್ಪೆಂದು ಹರಿದು ಹಾಕಬೇಡಿ. ಅಕ್ಕನ ಮಗಳನ್ನು ತರುವುದು ನಮ್ಮ ಕಡೆ ರೂಢಿ. ಒಬ್ಬರ ಹೆಸರು ಎರಡು ಕಡೆ ಬರುವಂತೆ ಬರೆದು ಗೆರೆ ಎಳೆದರಾಯಿತು.

ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆಯ ವಹಿ ಇದೆ. ಕೆಜಿಎಫ್ ಗಣಿಗೆ ಬಂದ ತಮಿಳು ಕ್ರೈಸ್ತರು, ಆಂಗ್ಲೋ ಇಂಡಿಯನ್ನರ ವಂಶದವರು ಅಲ್ಲಿಂದಲೇ ಶುರುಮಾಡಬೇಕು. ಗಣಿಯ ಆಂಗ್ಲೋ ಇಂಡಿಯನ್, ಯುರೋಪಿಯನ್ ಕುಟುಂಬದವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳ ಪ್ರತಿಯನ್ನೂ ನೋಡಬಹುದು. ಮುಸ್ಲಿಂ ಕುಟುಂಬಗಳಿಗೆ ಖಾಜಿಯವರ ಬಳಿಯ ನಿಕಾಹ್‌ನಾಮಾ. ಅದರಲ್ಲಿ ಮೆಹರ್ (ವರ ವಧುವಿಗೆ ಕೊಡುವ ಹಣ), ವಕೀಲರು (ವಧುವಿನ ಪರವಾಗಿ ನಿಲ್ಲುವವರು), ಸಾಕ್ಷಿಗಳ ಹೆಸರು ಇರುತ್ತದೆ, ಉರ್ದು ಓದುವವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

7. ಜನನ ಸಿಗದಿದ್ದರೆ ಮರಣದಿಂದ ಬನ್ನಿ

1930ರಲ್ಲಿ ಹುಟ್ಟಿದ ಅಜ್ಜಿಯ ಜನನ ಸಿಗದಿದ್ದರೂ 1992ರ ಮರಣ ಸಿಗುತ್ತದೆ. ಮರಣದ ವಹಿಯಲ್ಲಿ ವಯಸ್ಸು ಇರುತ್ತದೆ. ಕಳೆದರೆ ಹುಟ್ಟಿದ ವರ್ಷದ ಅಂದಾಜು. “60”, “70” ಎಂದು ದುಂಡಗೆ ಇದ್ದರೆ ಐದು ವರ್ಷ ಹಿಂದೆ ಮುಂದೆ ಇಟ್ಟುಕೊಳ್ಳಿ. ಸಾವಿನ ಕಾರಣ ತಿಳಿಸಿ ಎಂದು ಕೇಳಬೇಡಿ, ಹೊರಗಿನವರಿಗೆ ಕೊಡುವ ಪ್ರತಿಯಲ್ಲಿ ಅದನ್ನು ತೋರಿಸುವಂತಿಲ್ಲ.

ಆಮೇಲೆ ಪೌತಿ ಖಾತೆ, ಅಂದರೆ ಜಮೀನಿನ ಯಜಮಾನ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆದ ಖಾತೆ ಬದಲಾವಣೆ. ಆ ಮ್ಯುಟೇಷನ್ ಕಡತದಲ್ಲಿ ಮರಣದ ದಿನ, ಮಕ್ಕಳ ಹೆಸರು, ಕೆಲವೊಮ್ಮೆ ಒಪ್ಪಿಗೆ ಹೇಳಿಕೆ ಕೊಟ್ಟ ಹೆಣ್ಣುಮಕ್ಕಳ ಗಂಡನ ಊರೂ ಇರುತ್ತದೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷವನ್ನು ಮಾತ್ರ ವೇದವಾಕ್ಯ ಎನ್ನಬೇಡಿ. ಅದು ಅರ್ಜಿದಾರರು ಪ್ರಮಾಣ ಮಾಡಿ ಹೇಳಿದ್ದರ ಮೇಲೆ ನಿಂತದ್ದು, ಜಮೀನಿನ ಪಾಲಿಗಾಗಿ ಮಾಡಿಸಿದ್ದು. ಹೆಣ್ಣುಮಕ್ಕಳನ್ನೂ ಮೊದಲ ಹೆಂಡತಿಯನ್ನೂ ಬಿಟ್ಟ ವಂಶವೃಕ್ಷಗಳು ಬೇಕಾದಷ್ಟಿವೆ.

ಮೊದಲ ಹೆಂಡತಿ, ದತ್ತು, ಮನೆಯಲ್ಲಿ ಯಾರೂ ಹೇಳದ ಮಗು, ಇಂಥವು ಸಿಕ್ಕರೆ ನಕಲನ್ನು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕುವ ಮುನ್ನ ಸಂಬಂಧಪಟ್ಟವರ ಮನೆಗೆ ಹೋಗಿ ಕೂತು ಮಾತಾಡಿ. ಬದುಕಿರುವವರ ಪ್ರಮಾಣಪತ್ರವನ್ನಂತೂ ಎಲ್ಲಿಯೂ ಹಂಚಬೇಡಿ.

8. ತವರು ಗಡಿಯಾಚೆ ಇದ್ದರೆ

ನಮ್ಮ ಜಿಲ್ಲೆಗಳಲ್ಲಿ ಇದು ಅಪರೂಪವೇನಲ್ಲ. ಗೌರಿಬಿದನೂರಿನವರಿಗೆ ಹಿಂದೂಪುರ, ಪಕ್ಕದ ತುಮಕೂರು ಜಿಲ್ಲೆಯ ಪಾವಗಡದವರಿಗೆ ಮಡಕಶಿರಾ, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಪುಂಗನೂರು, ಮದನಪಲ್ಲಿ, ಮಾಲೂರಿನವರಿಗೆ ಹೊಸೂರು. ತವರು ಆಚೆ ಇದ್ದರೆ ಜನನದ ದಾಖಲೆಯೂ ಆಚೆಯೇ. ಆಂಧ್ರದ ಈ ಊರುಗಳು 1953ರವರೆಗೆ ಮದ್ರಾಸ್ ಪ್ರಾಂತ್ಯ, ನಂತರ ಆಂಧ್ರ. ಹಳೇ ಕಾಗದದಲ್ಲಿ ಅನಂತಪುರ, ಚಿತ್ತೂರು ಜಿಲ್ಲೆ ಎಂದಿರುತ್ತದೆ. ಹೊಸೂರು ಆಗಿನ ಸೇಲಂ ಜಿಲ್ಲೆಯಲ್ಲಿತ್ತು. ಅರ್ಜಿಯನ್ನು ಆಂಧ್ರದಲ್ಲಿ ತೆಲುಗಿನಲ್ಲಿ, ತಮಿಳುನಾಡಿನಲ್ಲಿ ತಮಿಳಿನಲ್ಲಿ ಬರೆಸಿ, ಹಳೇ ಜಿಲ್ಲೆ, ಹೊಸ ಜಿಲ್ಲೆ ಎರಡನ್ನೂ ನಮೂದಿಸಿ. ಹೋಗುವ ಮುನ್ನ ಆ ಊರಿನಲ್ಲಿ ಅಜ್ಜಿಯ ಅಣ್ಣತಮ್ಮಂದಿರ ಕಡೆಯವರು ಯಾರಾದರೂ ಉಳಿದಿದ್ದಾರಾ ಎಂದು ವಿಚಾರಿಸಿ ಫೋನು ಮಾಡಿ. ಗ್ರಾಮದ ಅಧಿಕಾರಿ ಯಾವ ದಿನ ಸಿಗುತ್ತಾರೆ, ಹಳೇ ಪುಸ್ತಕ ಯಾವ ಕಚೇರಿಯಲ್ಲಿದೆ ಎಂಬುದನ್ನು ಅವರೇ ಹೇಳಿಯಾರು.